ಮೈಸೂರಿನಲ್ಲಿ ದೆಹಲಿ ಸ್ಕೂಲಿಗಿಂತ 33 ವರ್ಷ ಮುಂಚೆಯೇ ಅರ್ಥಶಾಸ್ತ್ರ ಇತ್ತು. ಹೆಸರು ಮಾತ್ರ ದೆಹಲಿಗೆ ಬಂತು. ಏಕೆ?

ಅಡಕೆಸೀಮೆ

ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ದೇಶದಲ್ಲಿ ಈ ವಿಷಯದ ಬೋಧನೆ ಬೆಳೆದು ಬಂದ ಬಗೆಯನ್ನು ಅಂತಿಮ ವರ್ಷದ ಮಕ್ಕಳಿಗೆ ಹೇಳಬೇಕೆಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಪಠ್ಯದಲ್ಲಿ ಇದು ಇಲ್ಲ. ಆದರೂ ಅವರಿಗೆ ಗೊತ್ತಿರಬೇಕು ಎಂಬ ಹಟ ನನ್ನದು.

ಟಿಪ್ಪಣಿ ಬರೆಯುತ್ತಾ ಒಂದು ಪ್ರಶ್ನೆಯ ಬಳಿ ನಿಂತುಬಿಟ್ಟಿದ್ದೇನೆ. ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿ ಬಂದ ಎನ್.ಎಸ್. ಸುಬ್ಬರಾವ್ ಅವರಂಥವರು ಮಹಾರಾಜ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಹುಟ್ಟಿದ್ದು 1949ರಲ್ಲಿ. ಅದಾಗಿ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕೆ.ಎನ್. ರಾಜ್, ಅಮರ್ತ್ಯ ಸೇನ್, ಜಗದೀಶ್ ಭಗವತಿ, ಸುಖಮಯ್ ಚಕ್ರವರ್ತಿ ನಾಲ್ವರೂ ಅಲ್ಲಿ ಒಂದೇ ಸೂರಿನಡಿ ಪಾಠ ಮಾಡುತ್ತಿದ್ದರು. ಆ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಬೇರೆ ನಮ್ಮವರು. ಹಾಗಿದ್ದ ಮೇಲೆ ನಮ್ಮಲ್ಲಿ ಏಕೆ ಆಗಲಿಲ್ಲ? ತಿಳಿದವರು ಹೇಳಿ. ದುಡ್ಡು, ರಾಜಧಾನಿ ಎಂಬ ಉತ್ತರ ನನಗೂ ಗೊತ್ತು, ಅದರಿಂದ ತೃಪ್ತಿಯಾಗಿಲ್ಲ.

ಲೆಕ್ಕಪತ್ರ

ತೃಪ್ತಿಯಾಗದಿದ್ದರೂ ಉತ್ತರ ಅದೇ. ದೆಹಲಿ ಸ್ಕೂಲ್ ಸೊಸೈಟಿಯ ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಪ್ರಧಾನಿಯೇ ಅಧ್ಯಕ್ಷರಾದ ಮೇಲೆ ಇನ್ನೇನು ಬೇಕು? ಮರುವರ್ಷವೇ, 1950ರಲ್ಲಿ, ಯೋಜನಾ ಆಯೋಗ ಬಂತು. ದೇಶದ ಅರ್ಥನೀತಿ ಬರೆಯುವವರೂ ಅದನ್ನು ಕಲಿಸುವವರೂ ಒಂದೇ ಊರಿನಲ್ಲಿದ್ದರು.

ತುಂಗಭದ್ರೆ

"ನಮ್ಮವರು" ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾವ್ ಹುಟ್ಟಿದ್ದು 1908ರಲ್ಲಿ ಕಾಂಚೀಪುರದಲ್ಲಿ. ಓದಿದ್ದು ಮುಂಬಯಿಯಲ್ಲಿ, ಆಮೇಲೆ ಕೇಂಬ್ರಿಜ್‌ನಲ್ಲಿ. ಕೆಲಸ ಮಾಡಿದ್ದು ಅಹಮದಾಬಾದ್, ದೆಹಲಿ. ಕರ್ನಾಟಕದ ನಂಟು ಗಟ್ಟಿಯಾದದ್ದು ನಮ್ಮ ಬಳ್ಳಾರಿಯಿಂದ. 1967 ಮತ್ತು 1971ರಲ್ಲಿ ಲೋಕಸಭೆಗೆ ಬಳ್ಳಾರಿಯಿಂದಲೇ ಆರಿಸಿಹೋದರು. ನಮ್ಮ ತಂದೆ ಅವರ ಭಾಷಣ ಕೇಳಲು ಹೋಗಿದ್ದವರು. ಪ್ರೊಫೆಸರ್ ಸಾಹೇಬರು ಅಂಕಿ ಅಂಶ ಹೇಳದೆ ಒಂದು ವಾಕ್ಯ ಮುಗಿಸುತ್ತಿರಲಿಲ್ಲ ಎನ್ನುತ್ತಿದ್ದರು.

ಮಾರಿಸ್‌ನಗರ

ನಾನು ಎಂಬತ್ತರ ದಶಕದಲ್ಲಿ ದೆಹಲಿ ಸ್ಕೂಲಿನಲ್ಲಿ ಎಂ.ಎ. ಮಾಡಿದವನು. ದಿಗ್ಗಜರಲ್ಲಿ ಸುಖಮಯ್ ಚಕ್ರವರ್ತಿಯವರನ್ನು ಬಿಟ್ಟರೆ ಮಿಕ್ಕವರೆಲ್ಲ ಹೊರಟುಹೋಗಿ ಬಹಳ ಕಾಲವಾಗಿತ್ತು. ಆದರೂ ಅವರು ಬಿಟ್ಟುಹೋದ ರೂಢಿಗಳು ಉಳಿದಿದ್ದವು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನೆಹರೂ ಇದ್ದರು, ಆಯಿತು ಎಂಬ ಮಾತು ಅನ್ಯಾಯ.

ಕಥೆ 1949ಕ್ಕಿಂತ ಮೊದಲೇ ಶುರುವಾಗುತ್ತದೆ. ದೆಹಲಿ ವಿಶ್ವವಿದ್ಯಾಲಯ 1922ರದ್ದು, ಆದರೆ ಬಹುಕಾಲ ಅದು ಕೆಲವು ಕಾಲೇಜುಗಳ ಒಕ್ಕೂಟವಷ್ಟೇ ಆಗಿತ್ತು. 1938ರಲ್ಲಿ ಸರ್ ಮಾರಿಸ್ ಗ್ವಯರ್ ಕುಲಪತಿಯಾದರು. ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಅವರೇ. ವಿಶ್ವವಿದ್ಯಾಲಯ ಎಂದರೆ ವಿಭಾಗಗಳು, ವಿಭಾಗ ಎಂದರೆ ಒಬ್ಬ ಸಮರ್ಥ ಪ್ರಾಧ್ಯಾಪಕ ಎಂಬುದು ಅವರ ನಂಬಿಕೆ. ಭೌತಶಾಸ್ತ್ರಕ್ಕೆ ಡಿ.ಎಸ್. ಕೊಠಾರಿ, ರಸಾಯನಶಾಸ್ತ್ರಕ್ಕೆ ಟಿ.ಆರ್. ಶೇಷಾದ್ರಿ, ಸಸ್ಯಶಾಸ್ತ್ರಕ್ಕೆ ಪಂಚಾನನ ಮಹೇಶ್ವರಿ ಹೀಗೆಯೇ ಬಂದರು. ಅರ್ಥಶಾಸ್ತ್ರಕ್ಕೆ 1942ರಲ್ಲಿ ರಾವ್ ಬಂದಾಗ ಅವರಿಗೆ 34 ವರ್ಷ. ಇಂಗ್ಲೆಂಡಿನ ಹೆಸರಾಂತ ಅರ್ಥಶಾಸ್ತ್ರಜ್ಞ ಕೇನ್ಸ್ ಬಳಿ ಕಲಿತವರು, ಬ್ರಿಟಿಷ್ ಇಂಡಿಯಾದ 1931-32ರ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿ ಪುಸ್ತಕ ತಂದವರು. ಆಗಿನ್ನೂ ಸ್ವಾತಂತ್ರ್ಯವೂ ಇಲ್ಲ, ಯೋಜನಾ ಆಯೋಗವೂ ಇಲ್ಲ, ಪ್ರಧಾನಿಯೂ ಇಲ್ಲ. ಅಡಿಪಾಯ ಬಿದ್ದದ್ದು ಆಗ.

ಎರಡನೆಯದು ಗ್ರಂಥಾಲಯ. ಅದಕ್ಕೆ ರತನ್ ಟಾಟಾ ಗ್ರಂಥಾಲಯ ಎಂದು ಹೆಸರು, ನಾವೆಲ್ಲ ಕರೆಯುತ್ತಿದ್ದದ್ದು ಆರ್‌ಟಿಎಲ್ ಎಂದು. ಸಂಸ್ಥೆಯ ಜೊತೆಗೇ ಬೆಳೆದದ್ದು. ನಾನಿದ್ದಾಗ ಕಾರ್ಡುಗಳ ಮರದ ಖಾನೆಗಳ ಮುಂದೆ ಸಾಲು ನಿಲ್ಲುತ್ತಿದ್ದೆವು. ಖಾನೆಯ ಹಿತ್ತಾಳೆಯ ಹಿಡಿ ಸವೆದು ನುಣುಪಾಗಿತ್ತು. ಸೆನ್ಸಸ್ ವರದಿಗಳ, ಸರ್ಕಾರಿ ಸಮಿತಿಗಳ ಕಡತಗಳ ಕಪಾಟುಗಳಲ್ಲಿ ಹುಡುಕಿದರೆ ಬ್ರಿಟಿಷರ ಕಾಲದ ಜಿಲ್ಲಾವಾರು ಬೆಳೆ ವರದಿಗಳು ಸಿಗುತ್ತಿದ್ದವು. ಬಳ್ಳಾರಿಯ ಕ್ಷಾಮದ ಅಂಕಿಗಳನ್ನು ನಾನು ಮೊದಲು ಓದಿದ್ದು ಬಳ್ಳಾರಿಯಲ್ಲಲ್ಲ, ಆ ಕಪಾಟಿನ ಬದಿಯಲ್ಲಿ ನಿಂತು.

ಮೂರನೆಯದು ವಯಸ್ಸು. ಕೆ.ಎನ್. ರಾಜ್ 1953ರಲ್ಲಿ ಪ್ರಾಧ್ಯಾಪಕರಾಗಿ ಬಂದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಭಗವತಿ, ಸೇನ್, ಚಕ್ರವರ್ತಿ ಬಂದಾಗ ಅವರೂ ಹೆಚ್ಚು ಕಡಿಮೆ ಅದೇ ವಯಸ್ಸಿನವರು. ಬೇರೆ ಕಡೆ ಆ ವಯಸ್ಸಿನವರು ಪ್ರಾಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗಿನ ರೀಡರ್ ಹುದ್ದೆಗೆ ಅರ್ಜಿ ಬರೆಯುತ್ತಾ ಇರುತ್ತಿದ್ದರು. ತನಗಿಂತ ಕಿರಿಯರಿಗೆ, ತನಗಿಂತ ಹರಿತವಾದವರಿಗೆ ಸಮನಾದ ಕುರ್ಚಿ ಕೊಡುವ ಮನಸ್ಸು ಎಷ್ಟು ಮುಖ್ಯಸ್ಥರಿಗೆ ಇರುತ್ತದೆ ಹೇಳಿ?

ಸಾಧನಕೇರಿ

ಮೂರನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ನಾನು ಕೆಲಸ ಮಾಡಿದ ವಿಭಾಗವೊಂದರಲ್ಲಿ ಹೆಸರಾಂತ ಸಂಸ್ಥೆಯಿಂದ ಪಿಎಚ್.ಡಿ. ಮಾಡಿ ಬಂದ ಹುಡುಗನಿಗೆ ಮೊದಲ ವರ್ಷವೇ ಪರೀಕ್ಷಾ ಕೆಲಸ, ವೇಳಾಪಟ್ಟಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ ಎಲ್ಲ ಹೊರಿಸಿದರು. ಎಂ.ಎ. ತರಗತಿಯನ್ನು ಹಿರಿಯರು ಯಾರೂ ಬಿಟ್ಟುಕೊಡಲಿಲ್ಲ. ಅವನು ಈಗ ಸಿಂಗಪುರದಲ್ಲಿದ್ದಾನೆ.

ಹಳೇ ಪುಸ್ತಕದಂಗಡಿ

ಒಂದು ಸಣ್ಣ ವಿಷಯ. ಆರ್‌ಟಿಎಲ್ ಎಂದ ಕೂಡಲೇ ಹಲವರು 2024ರಲ್ಲಿ ತೀರಿಕೊಂಡ ಉದ್ಯಮಿ ರತನ್ ಟಾಟಾ ಎಂದುಕೊಳ್ಳುತ್ತಾರೆ. ಅಲ್ಲ. ಇವರು ಜಮ್‌ಶೆಟ್‌ಜಿಯವರ ಕಿರಿಯ ಮಗ ಸರ್ ರತನ್ ಟಾಟಾ, 1918ರಲ್ಲಿ ತೀರಿಕೊಂಡವರು. ಅವರ ಹೆಸರಿನ ಟ್ರಸ್ಟ್ ಕೊಟ್ಟ ನೆರವಿನಿಂದ ಗ್ರಂಥಾಲಯಕ್ಕೆ ಆ ಹೆಸರು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇದೇ ಸರ್ ರತನ್ ಟಾಟಾ 1912ರ ಸುಮಾರಿಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಡತನದ ಅಧ್ಯಯನಕ್ಕೆಂದು ಹಣ ಕೊಟ್ಟಿದ್ದರು. ಆ ಹಣದಿಂದ ನಡೆದ ಪ್ರತಿಷ್ಠಾನದ ಮೊದಲ ನಿರ್ದೇಶಕ ಆರ್ಥಿಕ ಇತಿಹಾಸಕಾರ ಆರ್.ಎಚ್. ಟಾನಿ. ರಾವ್ ತಮ್ಮ ಸಂಸ್ಥೆಗೆ ಮಾದರಿ ಎಂದು ಇಟ್ಟುಕೊಂಡದ್ದು ಅದೇ ಲಂಡನ್ ಸ್ಕೂಲನ್ನು. ಇಂಗ್ಲೆಂಡಿನ ಬಡವರ ಅಧ್ಯಯನಕ್ಕೆ ಭಾರತದ ಹಣ ಹೋಗಿ, ನಲವತ್ತು ವರ್ಷದೊಳಗೆ ಅದೇ ಮನೆತನದ ಹಣ ದೆಹಲಿಯಲ್ಲಿ ಪುಸ್ತಕವಾಯಿತು.

ಲೆಕ್ಕಪತ್ರ

ಮಾರಿಸ್‌ನಗರ ಅವರೇ, ನೀವು ಹೇಳಿದ ಮೂರೂ ನಿಜ. ಆದರೆ ರಾಜ್ ಎಲ್ಲಿಂದ ಬಂದರು? ಯೋಜನಾ ಆಯೋಗದಿಂದ. ಮೊದಲ ಪಂಚವಾರ್ಷಿಕ ಯೋಜನೆಯ ಪೀಠಿಕಾ ಅಧ್ಯಾಯ ಬರೆದವರು. ಅವರು ಆ ಕಟ್ಟಡದಿಂದ ಈ ಕಟ್ಟಡಕ್ಕೆ ಬಂದರು, ಅಷ್ಟೇ. ಮೈಸೂರಿನಲ್ಲಿದ್ದ ಮುಖ್ಯಸ್ಥರು ಎಷ್ಟೇ ಉದಾರಿಯಾಗಿದ್ದರೂ ರಾಜ್ ಮೈಸೂರಿಗೆ ಬರುತ್ತಿದ್ದರೇ? 1949ರ ಆಗಸ್ಟ್‌ನಲ್ಲಿ ನೇಮಿಸಿದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಮಹಾಲನೋಬಿಸ್, ಗಾಡ್ಗೀಳ್, ರಾವ್ ಮೂವರು. ಅಧಿಕಾರದ ಹತ್ತಿರ ಇರುವುದು ಸಣ್ಣ ಅನುಕೂಲವಲ್ಲ.

ಮಾರಿಸ್‌ನಗರ

ಹಾಗಾದರೆ ಕಲ್ಕತ್ತೆಗೆ ಏನು ಹೇಳುತ್ತೀರಿ? 1911ರವರೆಗೆ ರಾಜಧಾನಿ ಅದೇ. ಅರ್ಥಶಾಸ್ತ್ರದ ಮಿಂಟೋ ಪೀಠ ಅಲ್ಲಿ 1909ರಲ್ಲೇ ಸ್ಥಾಪನೆಯಾಯಿತು, ಮನೋಹರ್ ಲಾಲ್ ಅದರ ಮೊದಲ ಪ್ರಾಧ್ಯಾಪಕ. ಗಾಡ್ಗೀಳರು ಆ ಸಮಿತಿಯಲ್ಲಿದ್ದರು ಎಂದು ನೀವೇ ಹೇಳಿದಿರಿ. ಅವರ ಸಂಸ್ಥೆ ಇದ್ದದ್ದು ಪುಣೆಯಲ್ಲಿ. ಅಧಿಕಾರ ದೂರವಿದ್ದರೂ ಗೋಖಲೆ ಸಂಸ್ಥೆ ಹೆಸರು ಮಾಡಿತು. ದೆಹಲಿಯಲ್ಲಿದ್ದ ಎಲ್ಲ ವಿಭಾಗಗಳೂ ದೊಡ್ಡವಾಗಲಿಲ್ಲ.

ಕಾವೇರಿಪಟ್ಟಣ

ಮದ್ರಾಸನ್ನು ಮರೆಯಬೇಡಿ. 1915ರಲ್ಲಿ ಗಿಲ್ಬರ್ಟ್ ಸ್ಲೇಟರ್ ಅಲ್ಲಿ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದರು. ಅದಕ್ಕೆ ಮುಂಚೆ ಆಕ್ಸ್‌ಫರ್ಡ್‌ನಲ್ಲಿ ಕಾರ್ಮಿಕರಿಗಾಗಿ ನಡೆಸುತ್ತಿದ್ದ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಇಂಗ್ಲಿಷ್ ಪಠ್ಯಪುಸ್ತಕ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು ರಜೆಯಲ್ಲಿ ಹಳ್ಳಿಗಳಿಗೆ ಕಳಿಸಿದರು. ಯಾರ ಬಳಿ ಎಷ್ಟು ಜಮೀನು, ಎಷ್ಟು ಸಾಲ, ಕೂಲಿ ಎಷ್ಟು ಎಂದು ಬರೆದುಕೊಂಡು ಬಂದದ್ದು 1918ರಲ್ಲಿ ಪುಸ್ತಕವಾಯಿತು. 1930ರ ದಶಕದಲ್ಲಿ ಪಿ.ಜೆ. ಥಾಮಸ್ ಅವೇ ಹಳ್ಳಿಗಳಿಗೆ ಮತ್ತೆ ವಿದ್ಯಾರ್ಥಿಗಳನ್ನು ಕಳಿಸಿದರು. ಆಮೇಲೆಯೂ ಸಂಶೋಧಕರು ಆ ಊರುಗಳಿಗೆ ಹೋಗುತ್ತಲೇ ಇದ್ದಾರೆ.

ಅಡಕೆಸೀಮೆ ಅವರೇ, ನಿಮ್ಮ ಮಕ್ಕಳಿಗೆ ಸೇನ್ ಕಥೆಗಿಂತ ಇದನ್ನು ಹೇಳಿ. ಇದನ್ನು ಅವರೂ ಮಾಡಬಹುದು.

ಅಡಕೆಸೀಮೆ

ಬಹಳ ಒಳ್ಳೆಯ ಸಲಹೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ತೋಟದ ಕೂಲಿಗೆ ಹೋಗಿಬಂದು ಕಾಲೇಜಿಗೆ ಬರುವವರು. ಅಡಕೆಗೆ ಕೊಳೆರೋಗ ಬಂದ ವರ್ಷ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರ ಕೂಲಿ ಏನಾಯಿತು ಎಂದು ಕೇಳಿದರೆ ಅವರು ನನಗೇ ಪಾಠ ಮಾಡುತ್ತಾರೆ. ಪ್ರಶ್ನಾವಳಿ ನಾವೇ ತಯಾರಿಸಬಹುದು.

ಆದರೆ ಮೈಸೂರಿನ ಪ್ರಶ್ನೆ ಹಾಗೇ ಉಳಿದಿದೆ.

ಗಂಗೋತ್ರಿ ಹಳೆಯ ವಿದ್ಯಾರ್ಥಿ

ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ. ಮೈಸೂರು ಸೋತಿತು ಎಂಬಂತೆ ಎಲ್ಲರೂ ಮಾತಾಡುತ್ತಿದ್ದೀರಿ. ನನಗೆ ಇದು ಬೇಸರದ ವಿಷಯ.

1916ರ ಜುಲೈ 27ರಂದು ಶುರುವಾದ ವಿಶ್ವವಿದ್ಯಾಲಯ ದೇಶೀಯ ಸಂಸ್ಥಾನವೊಂದರಲ್ಲಿ ಮೊದಲನೆಯದು. ಅದಕ್ಕೆ ಮುಂಚೆ ನಮ್ಮ ಕಾಲೇಜುಗಳು ಮದ್ರಾಸಿನ ಪರೀಕ್ಷೆ ಬರೆಯುತ್ತಿದ್ದವು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ವಶಾಸ್ತ್ರ ಹೇಳಿದರು. ಅವರನ್ನು ಬೀಳ್ಕೊಡುವಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಆಮೇಲೆ ಬ್ರಜೇಂದ್ರನಾಥ ಸೀಲ್ ಕುಲಪತಿ. ಜನ ಕಡಿಮೆಯವರಾಗಿರಲಿಲ್ಲ.

ಅರ್ಥಶಾಸ್ತ್ರದ ಮಾತಿಗೆ ಬರೋಣ. ಆ ಕಾಲದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಒಂದೇ ಗುಂಪಿನಲ್ಲಿದ್ದವು. ಸುಬ್ಬರಾವ್ ಅವರು 1911ರಲ್ಲಿ ಪ್ರಕಟಿಸಿದ ಕೃತಿ ಜಾತಕ ಕಥೆಗಳಲ್ಲಿ ಕಾಣುವ ಪ್ರಾಚೀನ ಭಾರತದ ಆರ್ಥಿಕ ಸ್ಥಿತಿಯ ಬಗ್ಗೆ. ಅಂದರೆ ಅವರು ಅರ್ಧ ಇತಿಹಾಸಕಾರ, ಅರ್ಧ ಅರ್ಥಶಾಸ್ತ್ರಜ್ಞ. ಹಾಗೆಂದು ಅದು ಹಿಂದುಳಿದದ್ದು ಎನ್ನಬೇಡಿ. ಕೇಂಬ್ರಿಜ್‌ನಲ್ಲೇ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ಬಂದದ್ದು 1903ರಲ್ಲಿ, ಅದೂ ಅಲ್ಲಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮಾರ್ಷಲ್ ವರ್ಷಗಟ್ಟಲೆ ಜಗಳವಾಡಿದ ಮೇಲೆ.

ಇನ್ನೊಂದು ವಿಷಯ. ಮೈಸೂರು ಸಂಸ್ಥಾನದ ಆರ್ಥಿಕ ಚಿಂತನೆ ನಡೆದದ್ದು ವಿಶ್ವವಿದ್ಯಾಲಯದ ಹೊರಗೆ. 1911ರ ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕು, ವಿಶ್ವೇಶ್ವರಯ್ಯನವರ ಕಾರ್ಖಾನೆ ಯೋಜನೆಗಳು. ಹಯವದನರಾವ್ ಬೆಂಗಳೂರಿನಿಂದ ಮೈಸೂರು ಎಕನಾಮಿಕ್ ಜರ್ನಲ್ ಹೊರಡಿಸುತ್ತಿದ್ದರು, ಅವರೂ ವಿಭಾಗದವರಲ್ಲ. ಸಂಸ್ಥಾನಕ್ಕೆ ವಿಶ್ವವಿದ್ಯಾಲಯದಿಂದ ಬೇಕಾದದ್ದು ಅಮಲ್ದಾರರು, ಮೇಷ್ಟ್ರುಗಳು, ಲೆಕ್ಕಿಗರು. ಸುಬ್ಬರಾವ್ ಅವರು ಪ್ರಾಂಶುಪಾಲರಾದರು, 1937ರಿಂದ 1942ರವರೆಗೆ ಕುಲಪತಿಯೂ ಆದರು. ಒಳ್ಳೆಯ ಆಡಳಿತಗಾರ ಸಿಕ್ಕಿದ, ವಿಭಾಗ ಕಟ್ಟುವವ ಕೈತಪ್ಪಿದ. ಸ್ನಾತಕೋತ್ತರ ವಿಭಾಗಗಳಿಗೆಂದೇ ಮಾನಸಗಂಗೋತ್ರಿ ಬಂದದ್ದು 1960ರಲ್ಲಿ. ಅಷ್ಟು ಹೊತ್ತಿಗೆ ದೆಹಲಿ ಹನ್ನೊಂದು ವರ್ಷ ಮುಂದೆ ಹೋಗಿತ್ತು.

ಆದರೂ ಇಲ್ಲಿ ಕಲಿತವರು ಎಲ್ಲಿ ಹೋದರು ನೋಡಿ. ಪಿ.ಆರ್. ಬ್ರಹ್ಮಾನಂದ ಮಹಾರಾಜ ಕಾಲೇಜಿನಿಂದ ಮುಂಬಯಿಗೆ ಹೋದರು. ಎಂ.ಎನ್. ಶ್ರೀನಿವಾಸ್ ಮಹಾರಾಜ ಕಾಲೇಜಿನಿಂದ ಮುಂಬಯಿ, ಅಲ್ಲಿಂದ ಆಕ್ಸ್‌ಫರ್ಡ್. ಬಿತ್ತಿದ್ದು ನಾವು, ಕಣಜ ತುಂಬಿದ್ದು ಬೇರೆಯವರದು.

ಸಮಾಜಶಾಸ್ತ್ರದ ಮೇಷ್ಟ್ರು

ಶ್ರೀನಿವಾಸ್ ಹೆಸರು ಬಂದದ್ದಕ್ಕೆ ಸಂತೋಷ. 1959ರಲ್ಲಿ ಬರೋಡದಿಂದ ಬಂದು ದೆಹಲಿಯ ಸಮಾಜಶಾಸ್ತ್ರ ವಿಭಾಗ ಕಟ್ಟಿದವರು ಅವರೇ. ಆ ವಿಭಾಗ ಹುಟ್ಟಿದ್ದು ಅರ್ಥಶಾಸ್ತ್ರದ ಮಡಿಲಲ್ಲಿ, ಅದೇ ದೆಹಲಿ ಸ್ಕೂಲಿನೊಳಗೆ. ಹೆಸರು ಅರ್ಥಶಾಸ್ತ್ರದ್ದಾದರೂ ಸಮಾಜಶಾಸ್ತ್ರವೂ ಭೂಗೋಳವೂ ಅಲ್ಲೇ. ಆಂದ್ರೆ ಬೆತೆಯ್ಲ್ ಕೂಡ ಅದೇ ವರ್ಷ ಸೇರಿದರು.

ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದವರು. ಬರಹದಲ್ಲಿ ಅದಕ್ಕೆ ರಾಮಪುರ ಎಂದು ಹೆಸರು. ವರ್ಷಗಟ್ಟಲೆ ತಿದ್ದಿ ಒಪ್ಪ ಮಾಡಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಕೊಠಡಿಯಲ್ಲಿ, ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋದವು. ನೆನಪಿನಿಂದಲೇ ಪುಸ್ತಕ ಬರೆದರು, 1976ರಲ್ಲಿ ಬಂತು. ಅರ್ಥಶಾಸ್ತ್ರದವರು ತಲೆ ಎಣಿಸುತ್ತಿದ್ದ ಕಟ್ಟಡದಲ್ಲೇ ಹಳ್ಳಿಯ ಜಗಲಿಯ ಮೇಲೆ ಕೂತು ಕೇಳಿದ ಮಾತನ್ನು ವಿದ್ಯೆ ಎಂದು ಒಪ್ಪಿಸಿದರಲ್ಲ, ಅದು ದೊಡ್ಡದು.

ಕರಾವಳಿ ಓದುಗ

ಎಲ್ಲರೂ ದೆಹಲಿ, ಮುಂಬಯಿ ಎನ್ನುತ್ತಿದ್ದೀರಿ. ನಮ್ಮ ಬಿ.ಆರ್. ಶೆಣೈ ಎಲ್ಲಿ? ಮಂಗಳೂರು ಕಡೆಯ ಬೆಳ್ಳಿಕೋತ್ ರಘುನಾಥ ಶೆಣೈ, 1905ರಲ್ಲಿ ಹುಟ್ಟಿದವರು. ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡಲು ಕರೆದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಭಿನ್ನಮತ ಬರೆದುಕೊಟ್ಟ ಒಬ್ಬರೇ ಒಬ್ಬರು. ನೋಟು ಮುದ್ರಿಸಿ ಯೋಜನೆಗೆ ಹಣ ಹೊಂದಿಸಿದರೆ ಬೆಲೆ ಏರುತ್ತದೆ, ಎಲ್ಲಕ್ಕೂ ಸರ್ಕಾರಿ ನಿಯಂತ್ರಣ ಬೇಡ ಎಂದರು. ಅವರು ಕಲಿಸಿದ್ದು ಅಹಮದಾಬಾದಿನಲ್ಲಿ, ಗುಜರಾತ್ ವಿಶ್ವವಿದ್ಯಾಲಯದಲ್ಲಿ. ದೆಹಲಿ ಸ್ಕೂಲ್ ಅವರಿಗೆ ಜಾಗ ಕೊಡಲಿಲ್ಲ.

ಮಾರಿಸ್‌ನಗರ

"ಜಾಗ ಕೊಡಲಿಲ್ಲ" ಎನ್ನುವುದಕ್ಕೆ ಆಧಾರ ಬೇಕು. ಅವರು ಅಲ್ಲಿ ಕೆಲಸ ಕೇಳಿದ್ದರು ಎಂದು ನಾನು ಎಲ್ಲಿಯೂ ಓದಿಲ್ಲ. ಇನ್ನು ಅಲ್ಲಿ ಒಂದೇ ಮತ ಇತ್ತು ಎಂದುಕೊಳ್ಳಬೇಡಿ. ಭಗವತಿ ಆಮದು ಪರವಾನಗಿ ಪದ್ಧತಿಯ ಕಟು ಟೀಕಾಕಾರ, ರಾಜ್ ಯೋಜನೆಯ ಪರ. ಇಬ್ಬರೂ ಒಂದೇ ವಿಭಾಗದವರು. 1969ರಿಂದ 1971ರವರೆಗೆ ಅಂತರರಾಷ್ಟ್ರೀಯ ವ್ಯಾಪಾರದ ಪ್ರಾಧ್ಯಾಪಕರಾಗಿದ್ದವರು ಮನಮೋಹನ್ ಸಿಂಗ್.

ಗಂಗೋತ್ರಿ ಹಳೆಯ ವಿದ್ಯಾರ್ಥಿ

ಶೆಣೈ ಅವರ ಜೊತೆ ಬ್ರಹ್ಮಾನಂದರನ್ನೂ ಇಟ್ಟು ನೋಡಿ. 1956ರಲ್ಲಿ ಸಿ.ಎನ್. ವಕೀಲ್ ಮತ್ತು ಬ್ರಹ್ಮಾನಂದ ಇಬ್ಬರೂ ಸೇರಿ ಬರೆದ ಪುಸ್ತಕದ ವಾದ ಎರಡನೇ ಯೋಜನೆಯ ಮಾದರಿ ರೂಪಿಸಿದ ಮಹಾಲನೋಬಿಸ್‌ಗೆ ನೇರ ವಿರುದ್ಧ. ಯಂತ್ರ ಮಾಡುವ ಯಂತ್ರಕ್ಕೆ ಮೊದಲು ಹಣ ಹಾಕಬೇಡಿ, ದುಡಿಯುವವರು ಉಣ್ಣುವ ಅಕ್ಕಿ, ಉಡುವ ಬಟ್ಟೆ ಮೊದಲು ಹೆಚ್ಚಾಗಲಿ, ಅದಿಲ್ಲದೆ ಹೊಸ ಉದ್ಯೋಗ ಕೊಟ್ಟರೆ ಅವರಿಗೆ ಊಟ ಎಲ್ಲಿಂದ ಬರಬೇಕು ಎಂಬುದು. ದೆಹಲಿಯಲ್ಲಿ ರಾವ್, ಮುಂಬಯಿಯಲ್ಲಿ ಬ್ರಹ್ಮಾನಂದ, ಅಹಮದಾಬಾದಿನಲ್ಲಿ ಶೆಣೈ. ಎರಡನೇ ಯೋಜನೆಯ ಕಾಲದ ವಾಗ್ವಾದದಲ್ಲಿ ನಮ್ಮ ಕಡೆಯವರು ಮೂರು ದಿಕ್ಕಿನಲ್ಲಿ ನಿಂತಿದ್ದರು. ನಮ್ಮ ಪಠ್ಯಪುಸ್ತಕದಲ್ಲಿ ಮೂವರಿಗೂ ಸೇರಿ ಒಂದು ಪುಟ ಇಲ್ಲ.

ಹೊಸ ಓದುಗಿ

ನಾನು ಬಿ.ಎ. ಎರಡನೇ ವರ್ಷ. ರಾವ್ ಅವರು ಸಂಸ್ಥೆ ಕಟ್ಟಿದರು ಎಂದು ಎಲ್ಲರೂ ಹೇಳುತ್ತಿದ್ದೀರಿ. ಅರ್ಥಶಾಸ್ತ್ರಜ್ಞರಾಗಿ ಅವರು ಹೊಸದಾಗಿ ಹೇಳಿದ್ದೇನು? ದಯವಿಟ್ಟು ಅರ್ಥವಾಗುವ ಹಾಗೆ ಹೇಳಿ.

ಅಡಕೆಸೀಮೆ

ಇದಕ್ಕೆ ನಾನೇ ಉತ್ತರಿಸುತ್ತೇನೆ, ಮೇಷ್ಟ್ರ ಹಕ್ಕು.

ಎರಡು ವಿಷಯ. ಮೊದಲನೆಯದು ರಾಷ್ಟ್ರೀಯ ವರಮಾನದ ಲೆಕ್ಕ. ದಾದಾಭಾಯಿ ನವರೋಜಿ 1867-68ಕ್ಕೆ ತಲಾ 20 ರೂಪಾಯಿ ಎಂದು ಅಂದಾಜು ಮಾಡಿದ್ದರು. ರಾವ್ ವಿಧಾನವನ್ನೇ ಬದಲಾಯಿಸಿದರು. ಬೇಸಾಯ, ಪಶುಪಾಲನೆ, ಗಣಿಯಂಥ ಕಡೆ ಎಷ್ಟು ಉತ್ಪನ್ನ ಬಂತು ಎಂದು ಎಣಿಸುವುದು; ವ್ಯಾಪಾರ, ನೌಕರಿ, ವಕೀಲಿಕೆಯಂಥ ಕಡೆ ಉತ್ಪನ್ನ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಎಷ್ಟು ಜನರಿಗೆ ಎಷ್ಟು ವರಮಾನ ಎಂದು ಎಣಿಸುವುದು. ಎರಡನ್ನೂ ಕೂಡಿಸುವುದು. ಉತ್ಪನ್ನ ವಿಧಾನ, ವರಮಾನ ವಿಧಾನ ಎಂದು ನೀವು ಪಿಯುಸಿಯಲ್ಲಿ ಓದಿದ್ದೀರಲ್ಲ, ನಮ್ಮ ದೇಶಕ್ಕೆ ಎರಡನ್ನೂ ಹೊಲಿದು ಕೊಟ್ಟವರು ಇವರು.

ಎರಡನೆಯದು 1952ರ ಲೇಖನ, ದೆಹಲಿ ಸ್ಕೂಲ್ ಆ ವರ್ಷವೇ ಶುರು ಮಾಡಿದ ಇಂಡಿಯನ್ ಎಕನಾಮಿಕ್ ರಿವ್ಯೂನಲ್ಲಿ ಬಂದದ್ದು. ಕೇನ್ಸ್ ಅವರ ಗುಣಕ ಗೊತ್ತಲ್ಲ? ಸರ್ಕಾರ 100 ರೂಪಾಯಿ ಖರ್ಚು ಮಾಡಿದರೆ ಅದು ಕೈಯಿಂದ ಕೈಗೆ ದಾಟುತ್ತಾ 100ಕ್ಕಿಂತ ಹೆಚ್ಚಿನ ಉತ್ಪಾದನೆ ಹುಟ್ಟಿಸುತ್ತದೆ. ಇದು ನಡೆಯಬೇಕಾದರೆ ಸುಮ್ಮನೆ ನಿಂತ ಯಂತ್ರಗಳೂ ಕೂಲಿಗೆ ಕಾದು ನಿಂತ ಕೆಲಸಗಾರರೂ ಇರಬೇಕು. ರಾವ್ ಕೇಳಿದ್ದು: ನಮ್ಮಲ್ಲಿ ಅವು ಎಲ್ಲಿವೆ? ನಮ್ಮ ನಿರುದ್ಯೋಗ ಪ್ರಚ್ಛನ್ನ. ಇಬ್ಬರು ಮಾಡುವ ಹೊಲದ ಕೆಲಸವನ್ನು ನಾಲ್ವರು ಮಾಡುತ್ತಿರುತ್ತಾರೆ, ಯಾರೂ ತನ್ನನ್ನು ನಿರುದ್ಯೋಗಿ ಎಂದುಕೊಂಡಿಲ್ಲ. ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಬಂದರೆ ಮನೆಯವರು ಮೊದಲು ಹೊಟ್ಟೆ ತುಂಬ ಉಣ್ಣುತ್ತಾರೆ. ಮಾರುಕಟ್ಟೆಗೆ ಹೋಗುವ ಕಾಳು ಹೆಚ್ಚುವುದಿಲ್ಲ, ಬೇಸಾಯದ ಉತ್ಪನ್ನ ಕೂಡಲೇ ಏರುವುದೂ ಇಲ್ಲ. ಹೀಗಾಗಿ ಹಣ ಸುತ್ತುತ್ತದೆ, ಬೆಲೆ ಏರುತ್ತದೆ, ಉತ್ಪಾದನೆ ಅಲ್ಲೇ ನಿಲ್ಲುತ್ತದೆ. ಕೇನ್ಸ್ ಬಳಿ ಕಲಿತವರೇ ಕೇನ್ಸ್ ಸೂತ್ರ ಇಲ್ಲಿ ಹಾಗೆಯೇ ನಡೆಯದು ಎಂದು ಬರೆದರು. ನನಗೆ ಅವರ ಮೇಲೆ ಗೌರವ ಇಮ್ಮಡಿಯಾದದ್ದು ಇದನ್ನು ಓದಿದ ಮೇಲೆ.

ಹೊಸ ಓದುಗಿ

ಧನ್ಯವಾದ ಸರ್. ನಮ್ಮ ಪಠ್ಯದಲ್ಲಿ ಗುಣಕದ ಸೂತ್ರ ಮಾತ್ರ ಇದೆ, ಹೊಲದ ನಾಲ್ವರು ಇಲ್ಲ.

ಅವಧೂತನ ಬೆಟ್ಟ

ವಿಷಯಾಂತರಕ್ಕೆ ಕ್ಷಮೆ ಇರಲಿ. ಡಿ-ಸ್ಕೂಲ್, ಅಂದರೆ ದೆಹಲಿ ಸ್ಕೂಲಿನ, ಕ್ಯಾಂಟೀನಿನಲ್ಲಿ ಮಟನ್ ದೋಸೆ ಸಿಗುತ್ತದೆಯಂತೆ, ನಿಜವೇ?

ಮಾರಿಸ್‌ನಗರ

ನಿಜ. ಪ್ರಸಿದ್ಧವೂ ಹೌದು. ಆಲೂಗಡ್ಡೆ ಪಲ್ಯದ ಜಾಗದಲ್ಲಿ ಖೀಮಾ. ನಾನು ಬಾಳೆಹೊನ್ನೂರಿನಿಂದ ಹೋದವನು, ಮೊದಲ ದಿನ ತಟ್ಟೆ ನೋಡಿ ಬೆರಗಾದೆ.

ತುಂಗಭದ್ರೆ

ಬಳ್ಳಾರಿಯವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಚೆನ್ನಾಗಿಯೇ ಇರುತ್ತದೆ.

ನಾಗರಭಾವಿ

ಎಲ್ಲರೂ ರಾವ್ ಅವರನ್ನು ಹೊಗಳುತ್ತಿದ್ದೀರಿ. ನಾನೂ ಅವರ ಅಭಿಮಾನಿಯೇ. ಆದರೆ ಅಡಕೆಸೀಮೆ ಅವರ ಪ್ರಶ್ನೆಗೆ ಕಹಿಯಾದ ಒಂದು ಉತ್ತರ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ದೆಹಲಿ ಸ್ಕೂಲಿನ ಗುಟ್ಟು ಏನಾಗಿತ್ತು? ಸಂಶೋಧನೆ ಮಾಡುವವರೇ ಎಂ.ಎ. ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಸಾಮಾಜಿಕ ಆಯ್ಕೆ ಕುರಿತ ಸೇನ್ ಅವರ ಗ್ರಂಥ ಬಂದದ್ದು 1970ರಲ್ಲಿ, ಅವರು ಅಲ್ಲಿದ್ದಾಗಲೇ. ಅದಕ್ಕಾಗಿ ಅವರು ಯೋಚಿಸುತ್ತಿದ್ದದ್ದನ್ನು 21 ವರ್ಷದ ಹುಡುಗರು ತರಗತಿಯಲ್ಲೇ ಕೇಳಿದರು. ಆದರೆ ರಾವ್ ಮುಂದೆ ಕಟ್ಟಿದ ಸಂಸ್ಥೆಗಳನ್ನು ನೋಡಿ. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಸಂಶೋಧನೆಗೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅದೂ ಸಂಶೋಧನೆಗೆ. ಶ್ರೀನಿವಾಸ್ ಅವರೂ ದೆಹಲಿ ಬಿಟ್ಟು ಅಲ್ಲಿಗೇ ಬಂದರು. 1969ರಲ್ಲಿ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಬಂದ ಮೇಲೆ ಇಂಥ ಸಂಸ್ಥೆಗಳಿಗೆ ಹಣವೂ ಬಂತು. ಒಳ್ಳೆಯ ತಲೆಗಳು ಅಲ್ಲಿಗೆ ಹೋದವು. ಬಿ.ಎ., ಎಂ.ಎ. ಮಕ್ಕಳು ಮಾತ್ರ ವಿಶ್ವವಿದ್ಯಾಲಯದಲ್ಲೇ ಉಳಿದರು.

ನಾಗರಭಾವಿಯ ಆ ಆವರಣದ ಗ್ರಂಥಾಲಯದಲ್ಲಿ ನಾನು ಕೂತು ಓದಿದವನು. ಹೊರಗೆ ಸಾಲು ಮರ, ಒಳಗೆ ನಿಶ್ಶಬ್ದ, ರಾವ್ ಅವರದೇ ಹೆಸರು. ಎಷ್ಟು ಒಳ್ಳೆಯ ಪುಸ್ತಕಗಳು! ಅದೇ ಊರಿನ ಎಂ.ಎ. ವಿದ್ಯಾರ್ಥಿ ಮಾತ್ರ ಅಲ್ಲಿ ಅಪರೂಪ. ಮೈಸೂರಿಗೆ ಅಥವಾ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ರಾವ್ ಮತ್ತು ಶ್ರೀನಿವಾಸ್ ಇಬ್ಬರೂ ಪ್ರಾಧ್ಯಾಪಕರಾಗಿ ಬಂದಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಸಾಧನಕೇರಿ

ಬಂದಿದ್ದರೆ ಅವರಿಗೂ ವೇಳಾಪಟ್ಟಿ ಕೆಲಸ ಕೊಡುತ್ತಿದ್ದರು. ನಾನು ಕಹಿಯಿಂದ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. 1960ರ ದಶಕದ ಕೊನೆಗೆ ವಿಶ್ವವಿದ್ಯಾಲಯಗಳ ಒಳಗೆ ಕೆಲಸ ಮಾಡುವುದು ಎಷ್ಟು ಕಷ್ಟವಾಯಿತು ಎಂಬುದಕ್ಕೆ ರಾಜ್ ಅವರೇ ಸಾಕ್ಷಿ. 1969ರಲ್ಲಿ ದೆಹಲಿಯ ಕುಲಪತಿಯಾದರು, ಮರುವರ್ಷವೇ ಬಿಟ್ಟರು. 1971ರಲ್ಲಿ ತಿರುವನಂತಪುರದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರ ಕಟ್ಟಿದರು, ಕೇರಳದ ಅಚ್ಯುತ ಮೆನನ್ ಸರ್ಕಾರದ ಬೆಂಬಲದಿಂದ. ಅದೂ ಸ್ವತಂತ್ರ ಸಂಸ್ಥೆಯೇ. ರಾವ್ ಒಬ್ಬರನ್ನೇ ದೂರಬೇಡಿ.

ನಾಗರಭಾವಿ

ದೂರುತ್ತಿಲ್ಲ ಸರ್. ಆದರೆ ತಿರುವನಂತಪುರದ ಕೇಂದ್ರ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಜೊತೆ ಸೇರಿ ಎಂ.ಫಿಲ್. ತರಗತಿ ನಡೆಸಿತು. ಪಾಠ ಬಿಡಲಿಲ್ಲ. ಅಲ್ಲಿ ತಯಾರಾದವರ ಸಂಖ್ಯೆ ನೋಡಿದರೆ ಪಾಠಕ್ಕೂ ಸಂಶೋಧನೆಗೂ ಇರುವ ನಂಟು ಗೊತ್ತಾಗುತ್ತದೆ.

ಲೆಕ್ಕಪತ್ರ

ಇನ್ನೊಂದು ಕಡೆಯಿಂದ ನೋಡಿ. ಭಗವತಿ 1968ರಲ್ಲಿ ಅಮೆರಿಕಕ್ಕೆ, ಸೇನ್ 1971ರಲ್ಲಿ ಲಂಡನ್ನಿಗೆ, ರಾಜ್ ಕೇರಳಕ್ಕೆ, ಮನಮೋಹನ್ ಸಿಂಗ್ ಸರ್ಕಾರಕ್ಕೆ. ಮೊದಲು ಹೇಳಿದ ರಾಜ್, ಸೇನ್, ಭಗವತಿ, ಚಕ್ರವರ್ತಿ ನಾಲ್ವರೂ ಒಟ್ಟಿಗೆ ಇದ್ದ ಕಾಲ ಐದಾರು ವರ್ಷ ಮಾತ್ರ. ಉಳಿದವರು ಚಕ್ರವರ್ತಿ ಒಬ್ಬರೇ. ಇಷ್ಟು ಚಿಕ್ಕ ಕಾಲವನ್ನು ಹಿಡಿದುಕೊಂಡು ಮೈಸೂರನ್ನು ಅಳೆಯುವುದು ಸರಿಯೇ?

ಮಾರಿಸ್‌ನಗರ

ಅವರು ಹೋದ ಮೇಲೆಯೂ ವಿಭಾಗ ಬೀಳಲಿಲ್ಲ. ನಾನು ಓದುವಾಗ ಅರ್ಥಮಿತಿಗೆ (ಎಕನಾಮೆಟ್ರಿಕ್ಸ್) ಎ.ಎಲ್. ನಾಗರ್, ಕೆ.ಎಲ್. ಕೃಷ್ಣ, ಆರ್ಥಿಕ ಇತಿಹಾಸಕ್ಕೆ ಧರ್ಮ ಕುಮಾರ್. ಹೊರಗಿನವರಿಗೆ ಅಷ್ಟು ಪರಿಚಿತ ಹೆಸರುಗಳಲ್ಲ ಇವು. ಆದರೆ ಕಟ್ಟಿದ್ದನ್ನು ದಿನದಿನವೂ ತರಗತಿಗೆ ಬಂದು ಉಳಿಸಿಕೊಂಡವರು ಅವರು. ಹೆಸರಾಂತರು ಹೋದ ಮೇಲೆ ಬೋರ್ಡಿನ ಮುಂದೆ ಯಾರು ನಿಂತರು ಎಂದು ಕೇಳಿ, ವಿಭಾಗದ ಗಟ್ಟಿತನ ಗೊತ್ತಾಗುತ್ತದೆ.

ಗಂಗೋತ್ರಿ ಹಳೆಯ ವಿದ್ಯಾರ್ಥಿ

ಹಾಗೆ ಕೇಳಿದರೆ ಮೈಸೂರಿನಲ್ಲೂ ನಿಂತವರಿದ್ದಾರೆ. ಕನ್ನಡದಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ, ಪಾರಿಭಾಷಿಕ ಪದ ಹೊಂದಿಸಿ, ಹಳ್ಳಿಯ ಮಕ್ಕಳಿಗೆ ಈ ವಿಷಯ ತಲುಪಿಸಿದವರು. ಅಡಕೆಸೀಮೆ ಅವರು ಈಗ ಗುಣಕವನ್ನು ಕನ್ನಡದಲ್ಲಿ ವಿವರಿಸಿದರಲ್ಲ, ಆ ಭಾಷೆ ಯಾರು ಕೊಟ್ಟದ್ದು? ದೆಹಲಿ ಅದನ್ನು ಮಾಡಿಲ್ಲ.

ಅಡಕೆಸೀಮೆ

ಇದನ್ನು ಒಪ್ಪುತ್ತೇನೆ, ನನ್ನ ಟಿಪ್ಪಣಿಯಲ್ಲೂ ಸೇರಿಸುತ್ತೇನೆ. ಹಾಗೆಂದು ನಾಗರಭಾವಿ ಅವರ ಮಾತನ್ನು ಬಿಡಲಾರೆ. ಸಂಶೋಧಕರನ್ನು ತರಗತಿಯಿಂದ ಬೇರೆ ಮಾಡಿದ್ದೇ ನಮಗೆ ಬಿದ್ದ ದೊಡ್ಡ ಪೆಟ್ಟು ಎಂದು ನನಗೂ ಅನಿಸುತ್ತಿದೆ. ಮೊದಲ ತರಗತಿಗೆ ಸ್ಲೇಟರ್ ಮತ್ತು ಸುಬ್ಬರಾವ್, ಎರಡನೆಯದಕ್ಕೆ ರಾವ್ ಮತ್ತು ದೆಹಲಿ. ಶೆಣೈ, ಬ್ರಹ್ಮಾನಂದರಿಗೆ ಮೂರನೆಯದು ಬೇಕಾಗುತ್ತದೆ, ಪ್ರಾಂಶುಪಾಲರನ್ನು ಕೇಳುತ್ತೇನೆ.

ಕಾವೇರಿಪಟ್ಟಣ

ಪ್ರಶ್ನಾವಳಿ ತಯಾರಾದ ಮೇಲೆ ಇಲ್ಲಿ ಹಾಕಿ. ಸಾಲದ ಪ್ರಶ್ನೆಯನ್ನು ಕೊನೆಯಲ್ಲಿ ಇಡಿ, ಮೊದಲೇ ಕೇಳಿದರೆ ಜನ ಬಾಯಿ ಬಿಡುವುದಿಲ್ಲ. ಸ್ವಸಹಾಯ ಸಂಘದ ಸಾಲ, ಸೊಸೈಟಿ ಸಾಲ, ಕೈಸಾಲ ಮೂರನ್ನೂ ಬೇರೆ ಬೇರೆ ಕೇಳಿ.

ಕರಾವಳಿ ಓದುಗ

ಶೆಣೈ ಅವರ ಭಿನ್ನಮತದ ಟಿಪ್ಪಣಿಯನ್ನು ಕನ್ನಡದಲ್ಲಿ ಸಂಗ್ರಹಿಸಿ ಕೊಡಲು ನಾನು ಸಿದ್ಧ. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಲೆಕ್ಕಪತ್ರ ಅವರು ಖಂಡಿತ ಬರಬೇಕು.

ಲೆಕ್ಕಪತ್ರ

ಬರುತ್ತೇನೆ. ಆದರೆ ಅವರು ಹೇಳಿದ್ದೆಲ್ಲ ಸರಿ ಎಂದು ಮೊದಲೇ ಒಪ್ಪಿಕೊಂಡು ಅಲ್ಲ.